ತಲೆವಸ್ತ್ರ ಇರಲಿ, ಮುಖ ಕಾಣಲಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಅತ್ತೆಯವರಿಗೆ ಅರವತ್ತೆಂಟು ವರ್ಷ. ಉಮ್ರಾ ಯಾತ್ರೆಗಾಗಿ ಮೊದಲ ಬಾರಿಗೆ ಪಾಸ್‌ಪೋರ್ಟ್ ಮಾಡಿಸುತ್ತಿದ್ದೇವೆ. ಇಲ್ಲಿನ ಒಂದು ಸ್ಟುಡಿಯೊಗೆ ಫೋಟೊ ತೆಗೆಸಲು ಹೋದಾಗ, ತಲೆಯ ಮೇಲಿನ ದುಪ್ಪಟ್ಟಾ ತೆಗೆದು ಕಿವಿ ಕಾಣುವಂತೆ ಕೂರದಿದ್ದರೆ ಅರ್ಜಿ ತಿರಸ್ಕಾರವಾಗುತ್ತದೆ ಎಂದರು. ಅತ್ತೆ ಒಪ್ಪದೆ ಎದ್ದು ಬಂದುಬಿಟ್ಟರು. ತುಮಕೂರಿನ ಕೇಂದ್ರದಲ್ಲೂ ಹೀಗೆಯೇ ಹೇಳುತ್ತಾರೆಯೇ? ಮಸೀದಿಯಿಂದ ಪತ್ರವೇನಾದರೂ ತರಬೇಕೇ?
– ಹೆಸರು ಬೇಡ, ಶಿರಾ

ಉತ್ತರ: ಸಹೋದರಿ, ನಿಮ್ಮ ಅತ್ತೆಯವರು ಎದ್ದು ಬಂದದ್ದು ಸರಿಯಾಗಿಯೇ ಇದೆ. ಪಾಸ್‌ಪೋರ್ಟ್ ಫೋಟೊದಲ್ಲಿ ಟೋಪಿ, ತಲೆವಸ್ತ್ರ ಇರಬಾರದೆಂದು ಹೇಳುವ ನಮ್ಮ ದೇಶದ ಮಾರ್ಗಸೂಚಿಯೇ ಧಾರ್ಮಿಕ ಕಾರಣಕ್ಕಾಗಿ ಧರಿಸುವ ವಸ್ತ್ರಕ್ಕೆ ವಿನಾಯಿತಿಯನ್ನೂ ಕೊಟ್ಟಿದೆ. ಅದಕ್ಕಿರುವ ಷರತ್ತು ಒಂದೇ: ಗದ್ದದ ತುದಿಯಿಂದ ಹಣೆಯ ಮೇಲ್ಭಾಗದವರೆಗೆ ಮುಖ ಪೂರ್ತಿ ಕಾಣಬೇಕು, ಮುಖದ ಎರಡೂ ಬದಿಯ ಅಂಚುಗಳು ಸ್ಪಷ್ಟವಾಗಿರಬೇಕು. ಅಂಚು ಎಂದರೆ ಕೆನ್ನೆ ಮತ್ತು ದವಡೆಯ ಗೆರೆ. ದುಪ್ಪಟ್ಟಾ ಕಿವಿಯ ಮೇಲೆ ಹಾದುಹೋದರೂ ಆ ಗೆರೆ ಮುಚ್ಚಿಹೋಗದಿದ್ದರೆ ಸಾಕು. ಅರ್ಜಿಯ ಜೊತೆ ಕೊಡಬೇಕಾದ ದಾಖಲೆಗಳ ಪಟ್ಟಿಯಲ್ಲಿ ಮಸೀದಿಯ ಪತ್ರವಾಗಲಿ, ಮಠದ ಪತ್ರವಾಗಲಿ ಇಲ್ಲ.

ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯನ್ನು ಸ್ಟುಡಿಯೊದವರು ನಿಮಗೆ ಹೇಳಿಲ್ಲ. ಪಾಸ್‌ಪೋರ್ಟಿನಲ್ಲಿ ಅಚ್ಚಾಗುವ ಫೋಟೊವನ್ನು ವಯಸ್ಕರು ಮನೆಯಿಂದ ಒಯ್ಯಬೇಕಾಗಿಯೇ ಇಲ್ಲ. ತುಮಕೂರಿನ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರವಿರಲಿ, ಬೆಂಗಳೂರಿನ ಕೇಂದ್ರಗಳಿರಲಿ, ಬೆರಳಚ್ಚು ತೆಗೆದುಕೊಳ್ಳುವಾಗಲೇ ಅಲ್ಲಿನ ಕ್ಯಾಮೆರಾದಲ್ಲಿ ಫೋಟೊ ತೆಗೆಯುತ್ತಾರೆ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಬಿಳಿ ಹಿನ್ನೆಲೆಯ 4.5 × 3.5 ಸೆಂಟಿಮೀಟರ್ ಅಳತೆಯ ಫೋಟೊ ಒಯ್ಯಬೇಕು. ಉಮ್ರಾ ವೀಸಾಕ್ಕೆಂದು ಏಜೆಂಟರು ಕೇಳುವ ಫೋಟೊ ಬೇರೆ ವಿಷಯ. ಅದಕ್ಕೂ ಹೆಂಗಸರು ತಲೆ ಮುಚ್ಚಿಕೊಂಡೇ ಫೋಟೊ ತೆಗೆಸಿಕೊಳ್ಳುತ್ತಾರೆ.

ಅತ್ತೆಯವರನ್ನು ಕರೆದೊಯ್ಯುವ ದಿನ ದುಪ್ಪಟ್ಟಾದ ಬಣ್ಣದ ಕಡೆ ಗಮನವಿರಲಿ. ನಮಾಜಿಗೆ ಹೊದೆಯುವ ಬಿಳಿ ದುಪ್ಪಟ್ಟಾ ಬಿಳಿ ಹಿನ್ನೆಲೆಯಲ್ಲಿ ಕರಗಿಹೋಗಿ ತಲೆ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಎಂಬುದೇ ತಿಳಿಯದಂತಾಗುತ್ತದೆ. ಹೂವು, ಜರಿ ಇಲ್ಲದ ಗಾಢ ಬಣ್ಣದ ಹತ್ತಿಬಟ್ಟೆ ಒಳ್ಳೆಯದು, ಏಕೆಂದರೆ ನುಣುಪಾದ ಬಟ್ಟೆ ಕ್ಷಣಕ್ಷಣಕ್ಕೂ ಜಾರುತ್ತದೆ. ಒಳಗೆ ಕಟ್ಟುವ ಟೋಪಿ ಹುಬ್ಬಿನವರೆಗೆ ಇಳಿದಿದ್ದರೆ ಅದನ್ನು ಕೂದಲು ಶುರುವಾಗುವ ಗೆರೆಯವರೆಗೆ ಹಿಂದಕ್ಕೆ ಸರಿಸಿ ಪಿನ್ನು ಹಾಕಿ. ಮುಂದಕ್ಕೆ ಚಾಚಿದ ಬಟ್ಟೆಯ ನೆರಳು ಕಣ್ಣಿನ ಮೇಲೆ ಬಿದ್ದರೆ ಬಟ್ಟೆಗೆ ಅನುಮತಿಯಿದ್ದರೂ ಫೋಟೊ ನಿಲ್ಲುವುದಿಲ್ಲ. ತೆಗೆದ ಚಿತ್ರವನ್ನು ಒಮ್ಮೆ ತೋರಿಸಿ ಎಂದು ಅಲ್ಲಿಯೇ ಕೇಳಿ, ಸಮಾಧಾನವಾಗದಿದ್ದರೆ ಇನ್ನೊಮ್ಮೆ ತೆಗೆಯಲು ವಿನಂತಿಸಿಕೊಳ್ಳಿ. ಮುಖವನ್ನೂ ಮುಚ್ಚುವ ನಕಾಬನ್ನಂತೂ ಫೋಟೊಗಾಗಿ ಸರಿಸಲೇಬೇಕು, ಅದಕ್ಕೆ ವಿನಾಯಿತಿ ಇಲ್ಲ. ಮಹಿಳಾ ಸಿಬ್ಬಂದಿಯೇ ಫೋಟೊ ತೆಗೆಯಲಿ ಎಂದು ಕೇಳಿಕೊಳ್ಳುವುದರಲ್ಲಿ ಸಂಕೋಚವೇನೂ ಬೇಡ.

ಪ್ರಶ್ನೆ: ಗುರುತಿನ ಚೀಟಿಯಲ್ಲಿ ಎಲ್ಲರಿಗೂ ಒಂದೇ ನಿಯಮವಿರಬೇಕಲ್ಲವೇ? ಧರ್ಮದ ಹೆಸರಿನಲ್ಲಿ ತಲೆವಸ್ತ್ರಕ್ಕೆ ವಿನಾಯಿತಿ ಕೊಟ್ಟರೆ ಭದ್ರತೆಗೆ ತೊಂದರೆಯಾಗುವುದಿಲ್ಲವೇ? ಹಿಜಾಬ್ ಕುರಿತ ಹೈಕೋರ್ಟ್ ತೀರ್ಪು ಇಲ್ಲಿಗೆ ಅನ್ವಯಿಸುವುದಿಲ್ಲವೇ?
– ಪದವಿ ವಿದ್ಯಾರ್ಥಿ, ತುಮಕೂರು

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. 2022ರ ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟ್ ಕೊಟ್ಟ ತೀರ್ಪು ತರಗತಿಯ ಸಮವಸ್ತ್ರಕ್ಕೆ ಸಂಬಂಧಿಸಿದ್ದು. ಅದೇ ವರ್ಷ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಅದರ ಬಗ್ಗೆ ಭಿನ್ನ ತೀರ್ಪು ನೀಡಿದರು. ಪಾಸ್‌ಪೋರ್ಟ್ ಫೋಟೊಗೂ ಅದಕ್ಕೂ ನಂಟಿಲ್ಲ. ಹತ್ತಿರದ ಉದಾಹರಣೆ ಬೇಕಿದ್ದರೆ ಮದರಾಸು ಹೈಕೋರ್ಟಿನ 2006ರ ತೀರ್ಪನ್ನು ನೋಡಬಹುದು. ಪರ್ದಾ ಪಾಲಿಸುವ ಮಹಿಳೆಯರ ಭಾವಚಿತ್ರ ಮತದಾರರ ಪಟ್ಟಿಯಲ್ಲಿ ಇರಬಾರದು ಎಂಬ ವಾದವನ್ನು ಆ ನ್ಯಾಯಾಲಯ ಒಪ್ಪಲಿಲ್ಲ. ಮುಖವನ್ನೇ ತೋರಿಸುವುದಿಲ್ಲ ಎಂಬ ವಾದಕ್ಕೂ ತಲೆಯ ಮೇಲೆ ಬಟ್ಟೆ ಇರಲಿ ಎಂಬ ಕೋರಿಕೆಗೂ ಇರುವ ಅಂತರವನ್ನು ನಮ್ಮ ಚರ್ಚೆಗಳಲ್ಲಿ ಬಹುಮಂದಿ ಮರೆತುಬಿಡುತ್ತಾರೆ.

ಭದ್ರತೆಯ ಮಾತಿಗೆ ಬಂದರೆ, ಪಾಸ್‌ಪೋರ್ಟುಗಳ ಜಾಗತಿಕ ಮಾನದಂಡವನ್ನು ರೂಪಿಸುವುದು ವಿಶ್ವಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ. ಅದರ 9303 ಸಂಖ್ಯೆಯ ದಸ್ತಾವೇಜಿನ ಪ್ರಕಾರ ತಲೆವಸ್ತ್ರವನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ, ಆದರೆ ಧಾರ್ಮಿಕ, ವೈದ್ಯಕೀಯ ಅಥವಾ ಸಾಂಸ್ಕೃತಿಕ ಕಾರಣಗಳಿಗೆ ಆಯಾ ದೇಶ ಅನುಮತಿ ಕೊಡಬಹುದು. ಮುಖ ಗುರುತಿಸುವ ಯಂತ್ರ ಕೆಲಸ ಮಾಡುವುದು ಕಣ್ಣು, ಮೂಗು, ಬಾಯಿ, ದವಡೆ ಇವುಗಳ ಆಕಾರ ಮತ್ತು ನಡುವಿನ ಅಂತರಗಳ ಮೇಲೆ. ಜುಟ್ಟು, ಜಡೆ, ಬೋಳುತಲೆ ಯಾವುದೂ ಅದಕ್ಕೆ ಬೇಡ. ಬೇಕಿದ್ದಿದ್ದರೆ ತಿರುಪತಿಯಲ್ಲಿ ಮುಡಿ ಕೊಟ್ಟು ಬಂದವರೆಲ್ಲ ಹೊಸ ಪಾಸ್‌ಪೋರ್ಟ್ ಮಾಡಿಸಬೇಕಾಗುತ್ತಿತ್ತು.

ಎಲ್ಲರಿಗೂ ಒಂದೇ ನಿಯಮ ಎಂಬುದನ್ನು ಕಟ್ಟುನಿಟ್ಟಾಗಿ ಪಾಲಿಸುವ ದೇಶ ಫ್ರಾನ್ಸ್. ಅಲ್ಲಿ ಗುರುತಿನ ದಾಖಲೆಗಳ ಫೋಟೊಗೆ ಬರಿದಲೆ ಕಡ್ಡಾಯ. ಅಲ್ಲಿನ ಸಿಖ್ಖರೊಬ್ಬರು ಪೇಟ ಧರಿಸಿದ ಫೋಟೊ ತಮ್ಮ ಚಾಲನಾ ಪರವಾನಗಿಯಲ್ಲಿರಲಿ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಮೆಟ್ಟಿಲೇರಿದಾಗ, 2008ರಲ್ಲಿ ಆ ನ್ಯಾಯಾಲಯ ಸರ್ಕಾರದ ಪರವಾಗಿಯೇ ನಿಂತಿತು. ಆದರೆ ಪಾಸ್‌ಪೋರ್ಟ್ ಫೋಟೊದ ವಿಚಾರವಾಗಿ ಅದೇ ವ್ಯಕ್ತಿ ಕೊಟ್ಟ ದೂರಿನ ಮೇಲೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 2013ರಲ್ಲಿ ಫ್ರಾನ್ಸ್ ಧಾರ್ಮಿಕ ಸ್ವಾತಂತ್ರ್ಯವನ್ನು ಉಲ್ಲಂಘಿಸಿದೆ ಎಂದು ಹೇಳಿತು. ಮುಖ ಕಾಣುವಂತಿರುವ ಪೇಟದಿಂದ ಗುರುತು ಹಿಡಿಯಲು ಹೇಗೆ ಅಡ್ಡಿಯಾಗುತ್ತದೆ ಎಂಬುದನ್ನು ಫ್ರಾನ್ಸ್ ವಿವರಿಸಿಲ್ಲ ಎಂಬುದು ಸಮಿತಿಯ ಒಂದು ಆಕ್ಷೇಪ. ಸದಾ ಪೇಟ ಧರಿಸುವವನ ಫೋಟೊ ಬರಿದಲೆಯದಾಗಿದ್ದರೆ ತಪಾಸಣೆ ನಡೆದಾಗಲೆಲ್ಲ ಪೇಟ ಬಿಚ್ಚಿಸುವ ಸಂದರ್ಭ ಬರಬಹುದು ಎಂಬುದು ಇನ್ನೊಂದು. ನನಗೆ ಈ ಎರಡನೆಯ ಮಾತು ಹೆಚ್ಚು ಹಿಡಿಸುತ್ತದೆ, ಏಕೆಂದರೆ ಗುರುತಿನ ಚಿತ್ರವಿರುವುದು ಮನುಷ್ಯ ದಿನವೂ ಹೇಗೆ ಓಡಾಡುತ್ತಾನೋ ಹಾಗೆಯೇ ಅವನನ್ನು ಗುರುತಿಸುವುದಕ್ಕಾಗಿ. ನಮ್ಮಲ್ಲಿ ಆಧಾರ್ ನೋಂದಣಿಯೂ ಪೇಟ, ತಲೆವಸ್ತ್ರಗಳನ್ನು ಧಾರ್ಮಿಕ ಮತ್ತು ಸಾಂಪ್ರದಾಯಿಕ ಆಚರಣೆಯೆಂದು ಒಪ್ಪುತ್ತದೆ.

ಪ್ರಶ್ನೆ: ನಮ್ಮ ತಂದೆಯವರು ರುಮಾಲು ಸುತ್ತದೆ ತೋಟಕ್ಕೂ ಹೋಗುವವರಲ್ಲ. ಅಮೆರಿಕದಲ್ಲಿರುವ ನಮ್ಮ ತಂಗಿಯ ಮನೆಗೆ ಹೊರಟಿದ್ದಾರೆ. ಫೋಟೊದಲ್ಲಿ ರುಮಾಲು ಇರಬಹುದೇ?
– ತೆಂಗು ಬೆಳೆಗಾರ, ತಿಪಟೂರು

ಉತ್ತರ: ಬೇಡ ಎನ್ನುವುದೇ ವಾಸಿ. ರುಮಾಲು ಎಷ್ಟೇ ಹಳೆಯ ರೂಢಿಯಾದರೂ ಅದು ಧರ್ಮದ ಕಟ್ಟಳೆಯಲ್ಲ. ನಮ್ಮ ಪಾಸ್‌ಪೋರ್ಟ್ ಮಾರ್ಗಸೂಚಿ ವಿನಾಯಿತಿ ಕೊಟ್ಟಿರುವುದು ಧಾರ್ಮಿಕ ಕಾರಣಕ್ಕೆ ಮಾತ್ರ. ಅಮೆರಿಕದ ವೀಸಾ ಫೋಟೊಗೂ ಅಷ್ಟೇ: ಧಾರ್ಮಿಕ ಕಾರಣದಿಂದ ಪ್ರತಿದಿನ ಧರಿಸುವ ವಸ್ತ್ರವಾಗಿದ್ದರೆ ಮಾತ್ರ ಒಪ್ಪುತ್ತಾರೆ. ಆ ಫೋಟೊ ಆರು ತಿಂಗಳೊಳಗೆ ತೆಗೆಸಿದ್ದು, ಎರಡು ಅಂಗುಲದ ಚೌಕಾಕಾರದ್ದು, ಬಿಳಿ ಹಿನ್ನೆಲೆಯದ್ದು ಆಗಿರಬೇಕು, ಮತ್ತು 2016ರ ನವೆಂಬರಿನಿಂದ ಕನ್ನಡಕಕ್ಕೂ ಅವಕಾಶವಿಲ್ಲ. ತಂದೆಯವರು ಕನ್ನಡಕ ಹಾಕುವವರಾದರೆ ರುಮಾಲಿನ ಜೊತೆಗೆ ಅದನ್ನೂ ತೆಗೆದಿಡಲು ಮೊದಲೇ ಹೇಳಿಡಿ. ಪ್ರಯಾಣದ ದಿನ ರುಮಾಲು ಕಟ್ಟಿಕೊಂಡೇ ಹೊರಡಬಹುದು. ಭದ್ರತಾ ತಪಾಸಣೆಯಲ್ಲಿ ಅದನ್ನು ಬಿಚ್ಚಿ ತೋರಿಸಿ ಎಂದರೆ ತೋರಿಸಿ ಮತ್ತೆ ಸುತ್ತಿಕೊಂಡರಾಯಿತು.