ಮೆಕ್ಕೆಜೋಳದ ಪ್ರೋಟೀನು ಲಸಿಕೆ ಹೊರಬಲ್ಲದೇ?

ಪ್ರಶ್ನೆ: ಮೆಕ್ಕೆಜೋಳದ ಪ್ರೋಟೀನಿನ ನ್ಯಾನೋಕಣದಲ್ಲಿ ಲಸಿಕೆ ತುಂಬಿ ಬಾಯಿಗೆ ಕೊಡ್ತಾರೆ ಅಂತ ಕೇಳಿದೆ. ನಿಜಾನಾ ಸಾರ್? ಪೋಲಿಯೊ ಹನಿಗೆ ಇದ್ಯಾವುದೂ ಬೇಕಾಗಿಲ್ಲ ಅಲ್ವಾ?
– ಓದುಗರು, ದಾವಣಗೆರೆ

ಉತ್ತರ: ಪೋಲಿಯೊ ಹನಿಯಲ್ಲಿರುವುದು ಬಲ ಕುಂದಿಸಿದ ಜೀವಂತ ವೈರಸ್. ಹೊಟ್ಟೆಯ ಆಮ್ಲವನ್ನು ಅದು ತಾನೇ ತಡೆದುಕೊಳ್ಳುತ್ತದೆ. ಆದರೆ ಈಗಿನ ಎಷ್ಟೋ ಲಸಿಕೆಗಳಲ್ಲಿ ಇರುವುದು ರೋಗಾಣುವಿನ ಒಂದು ಪ್ರೋಟೀನ್ ತುಣುಕು ಮಾತ್ರ. ಅದನ್ನು ಸುಮ್ನೆ ನುಂಗಿದರೆ ಬೇಳೆಯ ಪ್ರೋಟೀನಿನ ಹಾಗೆ ಜೀರ್ಣವಾಗಿ ಹೋಗುತ್ತದೆ.

ಇಲ್ಲಿ ಬರುವುದೇ ಜೀಯಿನ್ ಎಂಬ ಮೆಕ್ಕೆಜೋಳದ ಪ್ರೋಟೀನ್. ಇದು ಬರೀ ನೀರಿನಲ್ಲಿ ಕರಗುವುದಿಲ್ಲ, ಶೇ. 70ರಷ್ಟು ಆಲ್ಕೋಹಾಲ್ ಇರುವ ನೀರಿನಲ್ಲಿ ಕರಗುತ್ತದೆ. ಆ ದ್ರಾವಣವನ್ನು ಜೋರಾಗಿ ಕಲಕುತ್ತಾ ನೀರಿಗೆ ಸುರಿದರೆ ಆಲ್ಕೋಹಾಲ್ ತೆಳುವಾಗಿ, ಜೀಯಿನ್ ನೀರಿನಿಂದ ತಪ್ಪಿಸಿಕೊಳ್ಳಲು ಮುದುರಿಕೊಂಡು ಕಣ್ಣಿಗೆ ಕಾಣದಷ್ಟು ಪುಟ್ಟ ಪುಟ್ಟ ಗುಂಡುಗಳಾಗುತ್ತದೆ (ನೀವು ಕೇಳಿದ ನ್ಯಾನೋಕಣಗಳು ಇವೇ), ಪಾತ್ರೆಯ ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಜೊತೆಗೆ ಹಾಕಿದ ಲಸಿಕೆಯ ತುಣುಕು ಆ ಗುಂಡುಗಳೊಳಗೆ ಸಿಕ್ಕಿಕೊಳ್ಳುತ್ತದೆ. ಜೀಯಿನ್ ಜೀರ್ಣವಾಗುವುದು ನಿಧಾನ. ಹಾಗಾಗಿ ಒಂದಷ್ಟು ಕಣಗಳು ಸಣ್ಣಕರುಳಿನವರೆಗೂ ಉಳಿಯಬಹುದು. ಅಲ್ಲಿನ ಗೋಡೆಯಲ್ಲಿ ಇಂಥ ಕಣಗಳನ್ನು ಒಳಗೆ ಎಳೆದುಕೊಂಡು ರೋಗನಿರೋಧಕ ಕೋಶಗಳಿಗೆ ದಾಟಿಸುವ ಜಾಗಗಳಿವೆ.

ತೊಡಕೂ ಇದೆ. ಉಪ್ಪಿನಂಶ ಜಾಸ್ತಿಯಾದರೆ ಕಣಗಳು ಅಂಟಿಕೊಂಡು ಗಂಟಾಗುತ್ತವೆ, ಅದಕ್ಕೇ ಅವುಗಳಿಗೆ ಹಾಲಿನ ಪ್ರೋಟೀನಾದ ಕೇಸೀನ್ ಲೇಪಿಸುತ್ತಾರೆ. ನನಗೆ ಹೆಚ್ಚು ಮುಖ್ಯವೆನಿಸುವುದು ಇನ್ನೊಂದು: 2006ರಲ್ಲಿ ಲಂಡನ್ನಿನ ಸಂಶೋಧಕರು ಜೀಯಿನ್ ಕಣಗಳನ್ನು ಇಲಿಗಳ ಸ್ನಾಯುವಿಗೆ ಚುಚ್ಚಿದಾಗ ಅವುಗಳ ದೇಹದ ರೋಗನಿರೋಧಕ ವ್ಯವಸ್ಥೆ ಜೀಯಿನ್ ವಿರುದ್ಧವೇ ತಿರುಗಿಬಿತ್ತು. ನಾವು ತಿನ್ನುವ ಪದಾರ್ಥದ ಮೇಲೆ ಹಾಗಾಗಬಾರದು. ಜೀಯಿನ್ ಲಸಿಕೆ ಮಾರುಕಟ್ಟೆಗೆ ಬಂದಿಲ್ಲ, ಅದಕ್ಕಾಗಿ ಕಾಯುತ್ತಾ ಮಕ್ಕಳ ಈಗಿನ ಲಸಿಕೆ ತಪ್ಪಿಸಬೇಡಿ.