ಪಕ್ಕದ ಸೀಟಿನ ಏರ್‌ಬ್ಯಾಗ್: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರ: ಡ್ಯಾಶ್‌ಬೋರ್ಡ್ ಮೇಲೆ ಎಡಗಡೆ ಪುಟ್ಟ ಗಣಪತಿ ವಿಗ್ರಹ ಅಂಟಿಸಿದ್ದೇವೆ. ಅಲ್ಲಿ ಏರ್‌ಬ್ಯಾಗ್ ಇದೆ, ತೆಗೆಯಿರಿ ಎನ್ನುತ್ತಾರೆ ಮೆಕ್ಯಾನಿಕ್. ಅಷ್ಟು ಸಣ್ಣ ವಿಗ್ರಹದಿಂದ ಏನಾದೀತು?
– ಕೆ. ಎಸ್., ಶಿವಮೊಗ್ಗ

ಉ: ಮೆಕ್ಯಾನಿಕ್ ಹೇಳಿದ್ದೇ ಸರಿ. ಗ್ಲೋವ್‌ಬಾಕ್ಸ್‌ನ ಮೇಲೆ ‘ಎಸ್‌ಆರ್‌ಎಸ್ ಏರ್‌ಬ್ಯಾಗ್’ ಎಂದು ಅಚ್ಚಾಗಿರುವ ಜಾಗದಲ್ಲಿ ಪ್ಲಾಸ್ಟಿಕ್ಕಿನ ಒಳಮೈಗೆ ಗೀರು ಹಾಕಿರುತ್ತಾರೆ, ಹೊರಗಿನಿಂದ ಕಾಣಿಸದು. ಮುಂಭಾಗ ಜೋರಾಗಿ ಗುದ್ದಿದಾಗ ಗಾಡಿಯ ವೇಗ ಎಷ್ಟು ಥಟ್ಟನೆ ಕುಸಿಯಿತೆಂದು ಸೆನ್ಸರ್‌ಗಳು ಅಳೆಯುತ್ತವೆ. ನಡುವಿನ ಕನ್ಸೋಲ್ ಅಡಿಯಲ್ಲಿರುವ ಏರ್‌ಬ್ಯಾಗ್ ಇಸಿಯು, ಅಂದರೆ ಅದನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್, ಚೀಲಕ್ಕೆ ಅನಿಲ ತುಂಬುವ ಇನ್‌ಫ್ಲೇಟರ್‌ಗೆ ಕರೆಂಟ್ ಹರಿಸುತ್ತದೆ. ಒಳಗಿನ ರಾಸಾಯನಿಕ ಬಿಲ್ಲೆಗಳು ಉರಿದು ಅನಿಲವಾಗುತ್ತವೆ. ಕೆಲವು ಕಾರುಗಳಲ್ಲಿ ಒತ್ತಿ ತುಂಬಿಟ್ಟ ಆರ್ಗಾನ್ ಕೂಡ ಜೊತೆಗೆ ನುಗ್ಗುತ್ತದೆ. ಗೀರಿನ ಗುಂಟ ಮುಚ್ಚಳ ಹರಿದು ನೈಲಾನ್ ಚೀಲ ಗಂಟೆಗೆ 200 ಕಿ.ಮೀ.ಗೂ ಮೀರಿದ ವೇಗದಲ್ಲಿ ಹೊರಬರುತ್ತದೆ. ಚೀಲ ತುಂಬಲು ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗವೂ ಬೇಕಿಲ್ಲ.

ಸ್ಟೀರಿಂಗ್‌ನಲ್ಲಿರುವ ಚೀಲ ಹಿಡಿಯುವುದು ಸುಮಾರು 50–60 ಲೀಟರ್. ಪಕ್ಕದವರ ಎದೆಗೂ ಡ್ಯಾಶ್‌ಬೋರ್ಡಿಗೂ ಅಂತರ ಹೆಚ್ಚಾದ್ದರಿಂದ ಅವರ ಚೀಲ 100 ಲೀಟರ್ ಮೀರುತ್ತದೆ. ಅನೇಕ ಕಾರುಗಳಲ್ಲಿ ಅದು ಮೊದಲು ಮೇಲಕ್ಕೆದ್ದು, ಮುಂಗಾಜಿಗೆ ತಾಗಿ, ಆಮೇಲೆ ಕೂತವರ ಕಡೆ ತಿರುಗುತ್ತದೆ. ಇದರಿಂದ ಗಾಜು ಬಿರಿಯುವುದೂ ಉಂಟು. ದಾರಿಯಲ್ಲಿ ವಿಗ್ರಹ, ಮೊಬೈಲ್ ಹೋಲ್ಡರ್, ಸೆಂಟ್ ಬಾಟಲಿ ಏನಿದ್ದರೂ ಮುಖಕ್ಕೆ ಬಡಿದೀತು. ಕಾಲು ಎತ್ತಿ ಡ್ಯಾಶ್‌ಬೋರ್ಡ್ ಮೇಲಿಟ್ಟು ಕೂರುವವರ ಮಂಡಿಯೇ ಅವರ ಮುಖಕ್ಕೆ ಬಡಿಯುತ್ತದೆ. ದೇವರು ಬೇಕೇಬೇಕೆಂದರೆ ನಡುಭಾಗದಲ್ಲಿ ಚಪ್ಪಟೆ ಸ್ಟಿಕ್ಕರ್ ಹಚ್ಚಿ.

ಬೆಲ್ಟ್ ಹಾಕದೆ ಏರ್‌ಬ್ಯಾಗ್ ನಂಬಿ ಕೂರುವುದಂತೂ ಬೇಡ. ಚೀಲ ಪೂರ್ತಿ ತುಂಬಿದ ಮೇಲೆ ದೇಹ ಅದಕ್ಕೆ ತಾಗಬೇಕು. ತಾಗಿದ ಕೂಡಲೇ ಹಿಂಬದಿಯ ರಂಧ್ರಗಳಿಂದ ಅನಿಲ ಹೊರಟು ಚೀಲ ಮೆತ್ತಗಾಗಬೇಕು. ಬೆಲ್ಟ್ ಇಲ್ಲದವರು ಬ್ರೇಕ್ ಒತ್ತಿದಾಗಲೇ ಮುಂದಕ್ಕೆ ಜಾರಿರುತ್ತಾರೆ, ಇನ್ನೂ ಉಬ್ಬುತ್ತಿರುವ ಚೀಲದ ಪೂರ್ತಿ ಏಟು ತಿನ್ನುತ್ತಾರೆ. ಬೀಪ್ ಶಬ್ದ ನಿಲ್ಲಿಸಲು ಖಾಲಿ ಕ್ಲಿಪ್ ಸಿಕ್ಕಿಸುವವರಿಗೂ ಇದೇ ಗತಿ.

ಪ್ರ: ಎರಡು ವರ್ಷದ ಮಗುವನ್ನು ಮುಂದಿನ ಸೀಟಿನಲ್ಲಿ ಮಡಿಲಲ್ಲಿ ಕೂರಿಸಿಕೊಳ್ಳಬಹುದೆ? ನಾನು ಬೆಲ್ಟ್ ಹಾಕಿರುತ್ತೇನೆ.
– ಒಬ್ಬ ತಾಯಿ, ಹಾಸನ

ಉ: ಖಂಡಿತ ಬೇಡಮ್ಮ. ಚೀಲಕ್ಕೂ ನಿಮಗೂ ನಡುವೆ ಮಗು ಸಿಕ್ಕಿಕೊಳ್ಳುತ್ತದೆ. ಹಿಂದಿನ ಸೀಟಿನಲ್ಲಿ ಚೈಲ್ಡ್ ಸೀಟ್ ಹಾಕಿಸಿ. ಹಿಂದಕ್ಕೆ ಮುಖ ಮಾಡುವ ಚೈಲ್ಡ್ ಸೀಟನ್ನು ಮುಂದೆ ಇಡುವುದು ಇನ್ನೂ ಅಪಾಯ, ಮಗುವಿನ ತಲೆಯ ಭಾಗವೇ ಚೀಲದ ಬಾಯಿಗೆ ಹತ್ತಿರವಿರುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ಗ್ಲೋವ್‌ಬಾಕ್ಸ್ ಒಳಗೆ ಅಥವಾ ಡ್ಯಾಶ್‌ಬೋರ್ಡಿನ ಎಡಬದಿಯಲ್ಲಿ ಕೀಲಿ ಹಾಕಿ ತಿರುಗಿಸುವ ಸ್ವಿಚ್ ಇದೆಯೇ ನೋಡಿ. ಇಗ್ನಿಷನ್ ಆಫ್ ಇರುವಾಗ ತಿರುಗಿಸಿ, ಆನ್ ಮಾಡಿದ ಮೇಲೆ ‘ಪ್ಯಾಸೆಂಜರ್ ಏರ್‌ಬ್ಯಾಗ್ ಆಫ್’ ದೀಪ ಹತ್ತಿತೇ ಎಂದು ಖಚಿತಪಡಿಸಿಕೊಳ್ಳಿ. ದೊಡ್ಡವರು ಕೂರುವಾಗ ಮತ್ತೆ ಆನ್ ಮಾಡಲು ಮರೆಯಬಾರದು. ಸ್ವಿಚ್ ಇಲ್ಲದ ಕಾರಿನಲ್ಲಿ ಆ ಸೀಟನ್ನು ಮುಂದೆ ಇಡಲೇಬೇಡಿ.

ಪ್ರ: ಹಿಂದಿನಿಂದ ಲಾರಿ ಗುದ್ದಿತು. ಏರ್‌ಬ್ಯಾಗ್ ತೆರೆದುಕೊಳ್ಳಲಿಲ್ಲ. ದೋಷವೆ?
– ಆರ್. ಬಿ., ಹಾವೇರಿ

ಉ: ಅಲ್ಲ. ಹಿಂದಿನಿಂದ ಗುದ್ದಿದರೆ ದೇಹ ಸೀಟಿಗೆ ಒತ್ತಿಕೊಳ್ಳುತ್ತದೆ. ಮುಂದಿನ ಚೀಲದಿಂದ ಪ್ರಯೋಜನವಿಲ್ಲ.

ಪ್ರ: ಸೀಟ್ ಕವರ್ ಹಾಕಿಸಿದ ಮೇಲೆ ಏರ್‌ಬ್ಯಾಗ್ ದೀಪ ಆರುತ್ತಲೇ ಇಲ್ಲ.
– ಎಂ. ವಿ., ತುಮಕೂರು

ಉ: ಸೀಟಿನಡಿಯಲ್ಲಿ ಏರ್‌ಬ್ಯಾಗ್ ವೈರ್‌ಗಳನ್ನು ಜೋಡಿಸುವ ಹಳದಿ ಕನೆಕ್ಟರ್ ಸಡಿಲವಾಗಿರಬಹುದು. ಪಿನ್ ಸ್ವಲ್ಪ ಅಲುಗಿದರೂ ರೆಸಿಸ್ಟೆನ್ಸ್ ಬದಲಾಗಿ ಇಸಿಯು ದೋಷ ದಾಖಲಿಸುತ್ತದೆ. ದೀಪ ಉರಿಯುತ್ತಿರುವಷ್ಟು ದಿನ ಏರ್‌ಬ್ಯಾಗ್ ತೆರೆದೀತೆಂಬ ಭರವಸೆ ಇಲ್ಲ. ಮಲ್ಟಿಮೀಟರ್ ಹಚ್ಚಿ ಪರೀಕ್ಷಿಸಬೇಡಿ, ಅದರ ಸಣ್ಣ ಕರೆಂಟ್‌ಗೂ ಚೀಲ ಸಿಡಿಯುವ ಅಪಾಯವಿದೆ. ಸರ್ವೀಸ್ ಸೆಂಟರ್‌ನವರು ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಇಸಿಯುನಲ್ಲಿ ಕರೆಂಟ್ ಕೂಡಿಟ್ಟುಕೊಂಡಿರುವ ಕೆಪಾಸಿಟರ್ ಖಾಲಿಯಾಗಲು ಮ್ಯಾನ್ಯುಯಲ್ ಹೇಳಿದಷ್ಟು ಹೊತ್ತು ಕಾದು, ಕನೆಕ್ಟರ್ ಕೂರಿಸಿ, ಸ್ಕ್ಯಾನರ್‌ನಿಂದ ದಾಖಲಾದ ದೋಷದ ಕೋಡ್ ಅಳಿಸಲಿ. ಸೀಟಿನ ಪಕ್ಕದಲ್ಲೂ ಏರ್‌ಬ್ಯಾಗ್ ಇದ್ದರೆ ಆ ಬದಿಯ ಹೊಲಿಗೆ ಬಿಚ್ಚಿಕೊಳ್ಳುವಂಥ ಕವರನ್ನೇ ಕೊಳ್ಳಬೇಕು.

ಪ್ರ: ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಏರ್‌ಬ್ಯಾಗ್ ನಿಜವಾಗಿ ಇದೆಯೇ ಎಂದು ತಿಳಿಯುವುದು ಹೇಗೆ?
– ಜಿ. ಪಿ., ಬೆಳಗಾವಿ

ಉ: ಮುಂದಿನ ಪಕ್ಕದ ಸೀಟಿಗೆ ಏರ್‌ಬ್ಯಾಗ್ ಕಡ್ಡಾಯವಾದದ್ದು ಹೊಸ ಮಾದರಿಗಳಿಗೆ 2021ರ ಏಪ್ರಿಲ್ 1ರಿಂದ, ಆಗಲೇ ಮಾರಾಟದಲ್ಲಿದ್ದ ಮಾದರಿಗಳಿಗೆ ಆ ವರ್ಷದ ಕೊನೆಗೆ. ಅದಕ್ಕೂ ಹಿಂದಿನ ಅಗ್ಗದ ವೇರಿಯಂಟ್‌ಗಳಲ್ಲಿ ಇಲ್ಲದಿರಬಹುದು. ಕೀ ಆನ್ ಮಾಡಿದಾಗ ದೀಪ ಹತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಹತ್ತದೇ ಇದ್ದರೆ ಯಾರೋ ದೀಪವನ್ನೇ ಕಿತ್ತಿದ್ದಾರೆಂದು ಅನುಮಾನಿಸಿ. ಒಮ್ಮೆ ತೆರೆದ ಚೀಲದ ಜಾಗದಲ್ಲಿ ರೆಸಿಸ್ಟರ್ ಸಿಕ್ಕಿಸಿ ಇಸಿಯುವನ್ನು ಏಮಾರಿಸುವವರೂ ಇದ್ದಾರೆ. ಆಗ ದೀಪವೂ ಸ್ಕ್ಯಾನರೂ ಸರಿಯಿದೆ ಎಂದೇ ತೋರಿಸುತ್ತವೆ. ಆದ್ದರಿಂದ ಡ್ಯಾಶ್‌ಬೋರ್ಡಿನ ಬಣ್ಣ, ಸಂದು ಹೊಂದುತ್ತವೆಯೇ ನೋಡಿ. ಬೆಲ್ಟ್ ಪೂರ್ತಿ ಎಳೆದು ಬುಡದ ಚೀಟಿಯಲ್ಲಿ ತಯಾರಿಕೆಯ ತಾರೀಖು ಇದ್ದರೆ ಕಾರಿನದಕ್ಕೆ ಹೋಲಿಸಿ. ವಿಮೆ ಕ್ಲೇಮ್ ವಿವರ ಕೇಳಿ ಪಡೆಯಿರಿ. ಅಪಘಾತ ಆಗಿದ್ದರೆ ಚೀಲ, ಗುದ್ದಿದಾಗ ಬೆಲ್ಟನ್ನು ಥಟ್ಟನೆ ಬಿಗಿಯುವ ಪ್ರೀಟೆನ್ಷನರ್ ಮತ್ತು ಇಸಿಯು ಬದಲಿಸಿದ ಬಿಲ್ ತೋರಿಸುವವರೆಗೆ ಅಡ್ವಾನ್ಸ್ ಕೊಡಬೇಡಿ.