ಕಿಡ್ನಿಗೆ ಅಪಾಯ ಇರುವವರನ್ನು ಆಸ್ಪತ್ರೆಯಲ್ಲಿ ಸರಿಯಾಗಿ ನೋಡಿಕೊಳ್ಳುತ್ತಿದ್ದಾರೆ ಅಂತ ತಿಳಿಯುವುದು ಹೇಗೆ?

ಅಪ್ಪನಿಗೆ 67 ವರ್ಷ, ಶುಗರ್, ಬಿಪಿ ಎರಡೂ ಇದೆ, ಕ್ರಿಯಾಟಿನಿನ್ (ಕಿಡ್ನಿ ಸರಿಯಾಗಿ ಸೋಸದಿದ್ದರೆ ರಕ್ತದಲ್ಲಿ ಏರುವ ಕಸ) 1.5, ಮುಂದಿನ ವಾರ ಮೊಣಕಾಲಿನ ಆಪರೇಷನ್ ಅಂತ ಬರೆದಿದ್ದೀರಿ. ನಾನು ಸರ್ಜಿಕಲ್ ವಾರ್ಡಿನಲ್ಲಿ ಹನ್ನೊಂದು ವರ್ಷ ಸ್ಟಾಫ್ ನರ್ಸ್ ಆಗಿದ್ದವಳು. ನಾನಾದರೆ ಮೊದಲು ನೋಡುವುದು, ದೇಹಕ್ಕೆ ಎಷ್ಟು ನೀರು ಹೋಯಿತು, ಎಷ್ಟು ಮೂತ್ರ ಬಂತು ಅಂತ ಬರೆಯುವ ಇನ್‌ಟೇಕ್-ಔಟ್‌ಪುಟ್ ಚಾರ್ಟ್. ಮೂತ್ರದ ಕಾಲಮ್ಮಿನಲ್ಲಿ ಎಂಎಲ್ ಲೆಕ್ಕ ಇದೆಯಾ, ಇಲ್ಲ ಬರೀ ‘ಪಾಸ್ಡ್’ ಅಂತ ಇದೆಯಾ? ಹಾಗಿದ್ದರೆ ಯಾರೂ ಅಳೆದಿಲ್ಲ ಅಂತಲೇ ಅರ್ಥ.

ನನ್ನ ಅಮ್ಮನಿಗೆ ಪಿತ್ತಕೋಶದ ಆಪರೇಷನ್ ಆದಾಗ ಚಾರ್ಟಿನಲ್ಲಿ ಮೂರು ಶಿಫ್ಟಿಗೂ 500, 500, 500 ಅಂತ ಇತ್ತು. ಬಗ್ಗಿ ಮಂಚದ ಕೆಳಗಿನ ಮೂತ್ರದ ಚೀಲ ನೋಡಿದೆ. ತಳದಲ್ಲಿ ಕಡುಚಹಾ ಬಣ್ಣದ್ದು, 80 ಎಂಎಲ್ ಕೂಡ ಇರಲಿಲ್ಲ. ಬಿಪಿ 90ಕ್ಕೆ ಇಳಿದಿತ್ತು, ವಾಂತಿ ನಿಂತಿರಲಿಲ್ಲ, ಆದರೂ ನೋವಿನ ಡೈಕ್ಲೋಫೆನಾಕ್ ಇಂಜೆಕ್ಷನ್ನೂ ಬಿಪಿಯ ಟೆಲ್ಮಿಸಾರ್ಟಾನ್ ಮಾತ್ರೆಯೂ ನಡೆದೇ ಇದ್ದವು. 0.9 ಇದ್ದ ಕ್ರಿಯಾಟಿನಿನ್ ಮೂರನೇ ದಿನ 2.8. ಡಯಾಲಿಸಿಸ್ ಇಲ್ಲದೆ ಚೇತರಿಸಿಕೊಂಡರು, ಆದರೆ ಆ ಹತ್ತು ದಿನ ನಾನು ಮರೆಯಲಾರೆ. ರಾತ್ರಿ ಒಬ್ಬಳೇ ನರ್ಸ್ ಇಪ್ಪತ್ತು ಮಂಚ ನೋಡುವ ಕಷ್ಟ ನನಗೆ ಗೊತ್ತು. ಆದರೂ ಖಾಲಿ ಚಾರ್ಟಿಗಿಂತ ಸುಳ್ಳು ಚಾರ್ಟ್ ಅಪಾಯ. ಅದನ್ನು ನಂಬಿ ಡಾಕ್ಟರು ಮುಂದಿನ ಮಂಚಕ್ಕೆ ಹೋಗಿಬಿಡುತ್ತಾರೆ.

ಆ ಎರಡು ಔಷಧಿ ಜೊತೆಗೂಡಿದರೆ ಏನಾಗುತ್ತದೆ ಅಂದರೆ, ಡೈಕ್ಲೋಫೆನಾಕ್ ಕಿಡ್ನಿಯ ಜರಡಿಗೆ ರಕ್ತ ತರುವ ನಾಳವನ್ನು ಬಿಗಿ ಮಾಡುತ್ತದೆ, ಟೆಲ್ಮಿಸಾರ್ಟಾನ್ ಹೊರಹೋಗುವ ನಾಳವನ್ನು ಸಡಿಲಿಸುತ್ತದೆ. ದೇಹದಲ್ಲಿ ನೀರೂ ಕಮ್ಮಿ ಇದ್ದರೆ ಸೋಸುವ ಒತ್ತಡವೇ ಉಳಿಯುವುದಿಲ್ಲ. ನೋವಿಗೆ ಬೇರೆ ಏನು ಕೊಡುತ್ತೀರಿ, ಬಿಪಿ ಮಾತ್ರೆ ಯಾವಾಗ ನಿಲ್ಲಿಸಬೇಕು ಅಂತ ಅರಿವಳಿಕೆ ಡಾಕ್ಟರನ್ನು ಮೊದಲೇ ಕೇಳಿ, ನೀವಾಗಿಯೇ ನಿಲ್ಲಿಸಬೇಡಿ. ಎಷ್ಟು ಗಂಟೆಯವರೆಗೆ ನೀರು ಕುಡಿಯಬಹುದು ಅಂತಲೂ ಕೇಳಿ. ರಾತ್ರಿ ಹತ್ತಕ್ಕೆ ಉಪವಾಸ ಶುರುವಾಗಿ, ಕೇಸ್ ಮುಂದೂಡಿ ಮಧ್ಯಾಹ್ನ ಮೂರಾದರೂ ತುಟಿ ಒಣಗಿಸಿಕೊಂಡು ಮಲಗಿದ್ದ ಅಜ್ಜ-ಅಜ್ಜಿಯರನ್ನು ಎಷ್ಟೋ ನೋಡಿದ್ದೇನೆ.

ಮೂತ್ರದ ಲೆಕ್ಕ ಹೀಗೆ: ಗಂಟೆಗೆ, ತೂಕದ ಪ್ರತಿ ಕಿಲೋಗೆ 0.5 ಎಂಎಲ್. ಅಪ್ಪ 60 ಕಿಲೋ ಇದ್ದರೆ ಆರು ಗಂಟೆಗೆ 180. ಅದಕ್ಕಿಂತ ಕಮ್ಮಿಯಾದರೆ ಡ್ಯೂಟಿ ಡಾಕ್ಟರನ್ನು ಕರೆಸಿ. ಕ್ರಿಯಾಟಿನಿನ್ ಏರುವುದು ತಡವಾಗಿ, ಕೆಲವೊಮ್ಮೆ ಒಂದೆರಡು ದಿನ ಬಿಟ್ಟು. 48 ಗಂಟೆಯೊಳಗೆ 0.3 ಏರಿದರೂ ಅದು ಕಿಡ್ನಿಗೆ ಪೆಟ್ಟು ಅಂತಲೇ ಲೆಕ್ಕ, ಅಂದರೆ ನಿಮ್ಮ ಅಪ್ಪನಿಗೆ 1.8. ಈಗಿನ 1.5ಕ್ಕೂ ರಿಪೋರ್ಟಿನಲ್ಲಿ ‘ಹೈ’ ಅಂತ ಬರುತ್ತದೆ, 1.8ಕ್ಕೂ ಅದೇ ‘ಹೈ’. ಹಳೇ ರಿಪೋರ್ಟ್ ಪಕ್ಕದಲ್ಲಿಟ್ಟು ನೋಡದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಕಳೆದ ವರ್ಷದ್ದಿದ್ದರೂ ಫೈಲಿಗೆ ಹಾಕಿಸಿ.

ಈ ಕೊರತೆ ನಮ್ಮಲ್ಲಿ ಮಾತ್ರ ಅಲ್ಲ. ಆಸ್ಪತ್ರೆಗಳ ಆರೈಕೆಯನ್ನು ಪರಿಶೀಲಿಸುವ ಬ್ರಿಟನ್ನಿನ ಎನ್‌ಸಿಇಪಿಒಡಿ ಸಂಸ್ಥೆ, ಕಿಡ್ನಿಗೆ ಹಠಾತ್ ಪೆಟ್ಟುಬಿದ್ದು ಆಸ್ಪತ್ರೆಯಲ್ಲೇ ತೀರಿಕೊಂಡವರ ಕೇಸ್ ಶೀಟ್ ಪರಿಶೀಲಿಸಿ 2009ರಲ್ಲಿ ವರದಿ ಕೊಟ್ಟಿತು: ಒಳ್ಳೆಯ ಆರೈಕೆ ಸಿಕ್ಕಿದ್ದು ಅರ್ಧದಷ್ಟು ಜನರಿಗೆ ಮಾತ್ರ.

ಕ್ಯಾತಿಟರ್ (ಮೂತ್ರದ ನಳಿಕೆ) ತೆಗೆದ ಮೇಲೆ ಅಳೆಯುವುದೇ ನಿಂತುಹೋಗುತ್ತದೆ. ಗೆರೆ ಇರುವ ಒಂದು ಪ್ಲಾಸ್ಟಿಕ್ ಜಗ್ ಮನೆಯಿಂದ ಒಯ್ಯಿರಿ. ಡಿಸ್ಚಾರ್ಜ್ ದಿನ ಚೀಟಿಯಲ್ಲಿ ನೋವಿನ ಮಾತ್ರೆ ಯಾವುದಿದೆ ಅಂತ ನೋಡಿ, ಕ್ರಿಯಾಟಿನಿನ್ ಮತ್ತೆ ಯಾವಾಗ ಮಾಡಿಸಬೇಕು ಅನ್ನುವ ತಾರೀಖನ್ನೂ ಅಲ್ಲೇ ಬರೆಸಿಕೊಳ್ಳಿ.